ಬಚ್ಚಲ ಕಿಟಕಿ ಮೊದಲು ನೋಡು

(ನಮ್ಮ ಮನೆಯವರ ಗುಂಪು, ಭಾನುವಾರ ರಾತ್ರಿ. ಪುಟ್ಟಿ ತುಮಕೂರಿನಿಂದ ಬೆಂಗಳೂರಿನ ಪಿಜಿಗೆ ಹೋಗಲು ಇನ್ನು ಆರು ದಿನ.)

ದೊಡ್ಡಪ್ಪ: [ಫಾರ್ವರ್ಡ್] ಹೊಸದಾಗಿ ಕಾಲೇಜು ಸೇರುವ ಹೆಣ್ಣುಮಕ್ಕಳೇ, ಎಚ್ಚರ! ಪರ್ಸಿನಲ್ಲಿ ಖಾರದ ಪುಡಿ ಇರಲಿ. ಗೊತ್ತಿಲ್ಲದವರು ಕೊಟ್ಟದ್ದು ತಿನ್ನಬೇಡಿ. ಎಟಿಎಂನಲ್ಲಿ ಯಾರಾದರೂ ಹೆದರಿಸಿದರೆ ಪಿನ್ ಉಲ್ಟಾ ಒತ್ತಿ, ದುಡ್ಡೂ ಬರುತ್ತದೆ, ಪೊಲೀಸರಿಗೂ ಗೊತ್ತಾಗುತ್ತದೆ. ಎಲ್ಲ ಗುಂಪಿಗೂ ಕಳಿಸಿ.

ದೊಡ್ಡಪ್ಪ: ಪುಟ್ಟಿ, ಎರಡು ಸಲ ಓದಿಕೋ ಮಗಳೇ.

ಮಾವ: ಭಾವ, ಪಿನ್ ವಿಷಯ ಸುಳ್ಳು. ಇಷ್ಟು ವರ್ಷ ಬ್ಯಾಂಕಿನಲ್ಲಿದ್ದೆ, ಅಂಥದ್ದೇನೂ ಇಲ್ಲ. 1221 ಅಂತ ಪಿನ್ ಇಟ್ಟವರು ಉಲ್ಟಾ ಒತ್ತಿದರೂ ಅದೇ ಅಲ್ವಾ?

ದೊಡ್ಡಪ್ಪ: ಸರಿ, ಅದೊಂದು ಬಿಡು. ಹುಷಾರಾಗಿರು ಅಂದರೆ ನಷ್ಟ ಏನಿದೆ?

ನಾನು: ನಷ್ಟ ಇದೆ ದೊಡ್ಡಪ್ಪ. ಇದನ್ನು ಓದಿದರೆ ಅಪಾಯ ಅಂದರೆ ಕತ್ತಲಲ್ಲಿ ನಿಂತಿರುವ ಯಾರೋ ಒಬ್ಬ ಅಂತ ತಲೆಯಲ್ಲಿ ಕೂರುತ್ತದೆ. ಪಿಜಿಯೊಳಗೆ ಏನಿದೆ ಅಂತ ಯಾರೂ ನೋಡುವುದಿಲ್ಲ. ನನ್ನ ಪಿಜಿಯಲ್ಲಿ ಆದದ್ದನ್ನು ನಿಮಗೆ ಯಾರಿಗೂ ಹೇಳಿರಲಿಲ್ಲ.

ನಾನು: ಮೊದಲ ವರ್ಷ, ಡಿಸೆಂಬರ್. ಬಚ್ಚಲಲ್ಲಿ ಗ್ಯಾಸ್ ಗೀಸರ್. ಚಳಿ ಅಂತ ಕಿಟಕಿ ಸಂದಿಗೆ ನಾವೇ ಪೇಪರ್ ತುರುಕಿದ್ದೆವು. ರೂಮ್‌ಮೇಟ್ ಸ್ನಾನಕ್ಕೆ ಹೋಗಿ ಇಪ್ಪತ್ತು ನಿಮಿಷ ಆಯಿತು. ನೀರು ಬೀಳುವ ಸದ್ದು ಕೇಳುತ್ತಿತ್ತು, ಮಗ್ಗಿನ ಸದ್ದು ಇರಲಿಲ್ಲ. ಕೂಗಿದೆ, ಉತ್ತರ ಇಲ್ಲ. ಪಕ್ಕದ ರೂಮಿನವರು ಬಂದು ಒದ್ದ ಮೇಲೆ ಚಿಲಕ ಕಿತ್ತು ಬಂತು. ಗೋಡೆಗೆ ಒರಗಿ ಬಿದ್ದಿದ್ದಳು. ಬಕೆಟ್ ತುಂಬಿ ಹರಿಯುತ್ತಿತ್ತು. ಎಳೆದುಕೊಂಡು ಬಾಲ್ಕನಿಗೆ ತಂದೆವು. ಬದುಕಿದಳು.

ಚಿಕ್ಕಮ್ಮ: ಅಯ್ಯೋ ದೇವರೇ. ಗ್ಯಾಸ್ ವಾಸನೆ ಬರಲಿಲ್ಲವಾ?

ನಾನು: ಎಲ್ಲರೂ ಎಡವುವುದು ಅಲ್ಲೇ ಚಿಕ್ಕಮ್ಮ. ಸೋರಿದರೆ ಗೊತ್ತಾಗಲಿ ಅಂತಲೇ ಸಿಲಿಂಡರ್ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ. ಆದರೆ ಇದು ಸೋರಿದ್ದಲ್ಲ, ಉರಿದದ್ದು. ಮುಚ್ಚಿದ ಬಚ್ಚಲಲ್ಲಿ ಗಾಳಿ ಸಾಲದೆ ಗ್ಯಾಸ್ ಅರ್ಧಂಬರ್ಧ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆ ಸುತ್ತು, ವಾಂತಿ ಬಂದ ಹಾಗೆ. ಬಿಸಿನೀರಿಗೇ ಹೀಗಾಗಿದೆ ಅಂದುಕೊಳ್ಳುವಷ್ಟರಲ್ಲಿ ಚಿಲಕ ತೆಗೆಯಲು ಶಕ್ತಿ ಇರುವುದಿಲ್ಲ. ಬೆಂಗಳೂರಿನಲ್ಲಿ ಹೀಗೆ ಸತ್ತವರ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ.

ಚಿಕ್ಕಮ್ಮ: ಹೊರಡುವ ಹೊತ್ತಿಗೆ ಇದೇನೇ ಇದು! ನನಗೆ ಕೈಕಾಲೇ ಆಡುತ್ತಿಲ್ಲ. ಪಿಜಿ ಬೇಡವೇ ಬೇಡ. ರೈಲಿನಲ್ಲೇ ಓಡಾಡಲಿ.

ದೊಡ್ಡಪ್ಪ: ನೋಡು, ನಾನು ಖಾರದ ಪುಡಿ ಅಂದರೆ ಬೇಡ ಅಂದೆ. ನಿನ್ನ ಮಾತು ಕೇಳಿ ಅವಳಮ್ಮ ಮನೆಯಿಂದಾಚೆಗೇ ಕಳಿಸುವುದಿಲ್ಲ ಅಂತಿದ್ದಾಳೆ. ಜಾಸ್ತಿ ಹೆದರಿಸಿದ್ದು ಯಾರು?

ನಾನು: ನಾನೇ. ಆದರೆ ಈ ಹೆದರಿಕೆಗೆ ಮಾಡುವ ಕೆಲಸ ಇದೆ ದೊಡ್ಡಪ್ಪ. ಪುಟ್ಟಿ, ಬ್ಯಾಗ್ ಬಿಚ್ಚುವ ಮೊದಲು ಬಚ್ಚಲು ನೋಡು. ಗೀಸರ್, ಸಿಲಿಂಡರ್ ಎರಡೂ ಹೊರಗಿರಬೇಕು, ಕಿಟಕಿ ತೆರೆದಿರಬೇಕು. ಆಮೇಲೆ ಮೆಟ್ಟಿಲು ನೋಡು. ಬೆಂಕಿ ಬಿದ್ದರೆ ಇಳಿಯಲು ಇನ್ನೊಂದು ದಾರಿ ಇದೆಯಾ, ರಾತ್ರಿ ಗೇಟಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ, ಕೇಳು. ನಿನಗೆ ಪೆನಿಸಿಲಿನ್ ಆಗುವುದಿಲ್ಲ ಅನ್ನುವುದು ರೂಮ್‌ಮೇಟ್‌ಗೂ ಗೊತ್ತಿರಲಿ.

ಮಾವ: 112 ನೆನಪಿರಲಿ. ಪೊಲೀಸ್, ಬೆಂಕಿ, ಆಂಬುಲೆನ್ಸ್ ಮೂರಕ್ಕೂ ಅದೇ. ಆಂಬುಲೆನ್ಸಿಗೆ 108 ಕೂಡ ಇದೆ.

ನಾನು: ನಂಬರ್ ಒಂದೇ ಸಾಲದು ಮಾವ. ವಿಳಾಸ ಬಾಯಿಗೆ ಬರಬೇಕು. ಅವತ್ತು ಫೋನ್ ಮಾಡಿದಾಗ ಎಷ್ಟನೇ ಕ್ರಾಸ್ ಅಂತ ಕೇಳಿದರು. ನಾಲ್ಕು ತಿಂಗಳಿಂದ ಇದ್ದ ಬೀದಿ, ನನಗೆ ಗೊತ್ತಿಲ್ಲ. ಬೇಕರಿ ಪಕ್ಕ, ಬೇಕರಿ ಪಕ್ಕ ಅಂತ ಅಳುತ್ತಿದ್ದೆ. ಪಕ್ಕದ ರೂಮಿನವಳು ಫೋನ್ ಕಿತ್ತುಕೊಂಡು ಹೇಳಿದಳು.

ಚಿಕ್ಕಪ್ಪ: ರ‍್ಯಾಗಿಂಗ್ ಏನಾದರೂ ಆದರೆ?

ನಾನು: ಯುಜಿಸಿ ಸಹಾಯವಾಣಿ 1800-180-5522, ದಿನದ 24 ಗಂಟೆಯೂ ಇರುತ್ತದೆ. ಮನಸ್ಸಿಗೆ ಭಾರವಾದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಪುಟ್ಟಿ, ಏನೇ ಆಗಿರಲಿ, ಎಷ್ಟು ಹೊತ್ತಾಗಿರಲಿ, ನನಗೂ ಫೋನ್ ಮಾಡು. ತಪ್ಪು ನಿನ್ನದೇ ಆಗಿದ್ದರೂ ಮಾಡು. ಬೈಯುವುದಿಲ್ಲ.

ದೊಡ್ಡಪ್ಪ: ಗೀಸರ್ ಸರಿಯಿಲ್ಲದಿದ್ದರೆ ಹೀಟರ್ ರಾಡ್ ಕೊಡಿಸುತ್ತೇನೆ.

ನಾನು: ಕೊಡಿಸಿ. ಆದರೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ ಇಡಬೇಕು.

ದೊಡ್ಡಪ್ಪ: ಆದರೂ ಖಾರದ ಪುಡಿ ಇರಲಿ.

ನಾನು: ಇರಲಿ ದೊಡ್ಡಪ್ಪ.

(ಶನಿವಾರ ಮಧ್ಯಾಹ್ನ)

ಪುಟ್ಟಿ: [ಫೋಟೊ]

ಪುಟ್ಟಿ: ಅಕ್ಕಾ, ಬಂದೆವು. ನಾಲ್ಕನೇ ಮೇನ್, ಒಂಬತ್ತನೇ ಕ್ರಾಸ್. ಸಿಲಿಂಡರ್ ಹೊರಗಿದೆ, ಗೀಸರ್ ಮಾತ್ರ ಒಳಗೇ ಇದೆ. ಕಿಟಕಿಗೆ ರಟ್ಟು ಬಡಿದಿದ್ದಾರೆ.

ದೊಡ್ಡಪ್ಪ: ಓನರ್ ನಂಬರ್ ಕಳಿಸು ಮಗಳೇ. ಗೀಸರ್ ಹೊರಗೆ ಹಾಕಿಸುವ ಮಾತು ನಾನು ಆಡುತ್ತೇನೆ. ಅಲ್ಲಿವರೆಗೂ ಅದನ್ನು ಹಚ್ಚಲೇಬೇಡ.

ಪುಟ್ಟಿ: ಸರಿ ದೊಡ್ಡಪ್ಪ. ಅಪ್ಪ ಸ್ಟೂಲ್ ಹತ್ತಿ ರಟ್ಟು ಕೀಳುತ್ತಿದ್ದಾರೆ.