ಸಹಾಯ ಬೇಕು: ಮಾಧ್ಯಮದ ಪಕ್ಷಪಾತವನ್ನು ಅಳೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಮೆರಿಕದ ಕಾವಲು ಸಂಸ್ಥೆಗಳ (ಅಂದರೆ ಬೇರೆ ಗುಂಪುಗಳ ಮೇಲೆ ಕಣ್ಣಿಟ್ಟು ತಪ್ಪುಗಳನ್ನು ಎತ್ತಿ ತೋರಿಸುವ ಸಂಘಟನೆಗಳ) ಬಗ್ಗೆ ಅಲ್ಲಿನ ಮಾಧ್ಯಮಗಳು ಹೇಗೆ ಬರೆಯುತ್ತವೆ ಅಂತ ಹೋಲಿಸಿ ಒಂದು ಲೇಖನ ಬರೆಯುತ್ತಿದ್ದೇನೆ. ಪತ್ರಿಕೋದ್ಯಮ ಗೊತ್ತಿರುವವರು ದಯವಿಟ್ಟು ದಾರಿ ತೋರಿಸಿ.

ನನ್ನ ಮುಖ್ಯ ಉದಾಹರಣೆ ಸದರ್ನ್ ಪಾವರ್ಟಿ ಲಾ ಸೆಂಟರ್. 1971ರಲ್ಲಿ ಅಲಬಾಮಾದಲ್ಲಿ ಶುರುವಾದ ಸಂಸ್ಥೆ. ಬಿಳಿಯರೇ ಶ್ರೇಷ್ಠರು ಅನ್ನುವ ಕೂ ಕ್ಲಕ್ಸ್ ಕ್ಲಾನ್ ಗುಂಪುಗಳ ಮೇಲೆ ಕೇಸು ಹಾಕಿ ಗೆದ್ದು ಹೆಸರು ಮಾಡಿತು. ಅದೇ ಸಂಸ್ಥೆ, ಇಸ್ಲಾಮಿಕ್ ಉಗ್ರವಾದದ ವಿರುದ್ಧ ಕೆಲಸ ಮಾಡುತ್ತಿದ್ದ ಬ್ರಿಟನ್ನಿನ ಮುಸ್ಲಿಂ ಕಾರ್ಯಕರ್ತ ಮಾಜಿದ್ ನವಾಜ್ ಅವರನ್ನು ಮುಸ್ಲಿಂ ವಿರೋಧಿಗಳ ಪಟ್ಟಿಗೆ ಸೇರಿಸಿತ್ತು. ಅದಕ್ಕಾಗಿ 2018ರಲ್ಲಿ ಕ್ಷಮೆ ಕೇಳಿ, ಸುಮಾರು 34 ಲಕ್ಷ ಡಾಲರ್ ಕೊಟ್ಟಿತು. ಎರಡೂ ನಿಜ. ಆದರೆ ನಾನು ಓದಿದ ವರದಿಗಳಲ್ಲಿ ಎಡಕ್ಕೆ ವಾಲಿದವರು ಮೊದಲನೆಯದನ್ನೇ ಜಾಸ್ತಿ ಹೇಳುತ್ತಾರೆ, ಬಲಕ್ಕೆ ವಾಲಿದವರು ಎರಡನೆಯದನ್ನೇ ಹಿಡಿದು ಕೂರುತ್ತಾರೆ. ಇದು ಓದುಗರಿಗೆ ಮಾಡುವ ಅನ್ಯಾಯ ಅಲ್ವಾ?

ಮಾಧ್ಯಮದ ಮೇಲೇ ಕಣ್ಣಿಡುವ ಸಂಸ್ಥೆಗಳನ್ನೂ ಸೇರಿಸಬೇಕು ಅಂದುಕೊಂಡಿದ್ದೇನೆ. ಬಲಪಂಥದ ಮೀಡಿಯಾ ರಿಸರ್ಚ್ ಸೆಂಟರ್ 1987ರದ್ದು, ಎಡಪಂಥದ ಮೀಡಿಯಾ ಮ್ಯಾಟರ್ಸ್ 2004ರದ್ದು.

ನನಗೆ ತೊಡಕಾಗಿರುವುದು ಅಳೆಯುವ ವಿಧಾನ. ವರದಿಯಲ್ಲಿ ಒಂದು ಸಂಸ್ಥೆಗೆ ‘ಎಡಪಂಥೀಯ’, ‘ಬಲಪಂಥೀಯ’ ಅಂತ ಹಚ್ಚುವ ಹಣೆಪಟ್ಟಿಗಳನ್ನು ಬರೀ ಎಣಿಸಿದರೆ ಸಾಕಾ? ಯಾರ ಮಾತನ್ನು ಮೊದಲು ಹಾಕಿದ್ದಾರೆ ಅನ್ನುವುದನ್ನೂ ನೋಡಬೇಕಾ? ಸುದ್ದಿಯನ್ನೇ ಹಾಕದೆ ಬಿಟ್ಟರೆ ಅದನ್ನು ಲೆಕ್ಕಕ್ಕೆ ತರುವುದು ಹೇಗೆ? ನನಗೆ ಇದೇ ಎಲ್ಲಕ್ಕಿಂತ ಕಷ್ಟ ಅನ್ನಿಸುತ್ತಿದೆ. ಅಭಿಪ್ರಾಯದ ಅಂಕಣಗಳನ್ನು ವರದಿಗಳಿಂದ ಬೇರೆ ಇಡುತ್ತೇನೆ.

ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ 1968ರಿಂದ ಟಿವಿ ಸುದ್ದಿಗಳ ಸಂಗ್ರಹ ಇದೆ. ಅದನ್ನು ಬಳಸಿದವರು ಯಾರಾದರೂ ಇದ್ದೀರಾ? ಜೊತೆಗೆ, ನನ್ನದಕ್ಕಿಂತ ಬೇರೆ ರಾಜಕೀಯ ಒಲವು ಇರುವ ಒಬ್ಬರು ನಾನು ಆರಿಸಿದ ವರದಿಗಳನ್ನೇ ಓದಿ, ಎಲ್ಲಿ ಪಕ್ಷಪಾತ ಕಾಣುತ್ತದೆ ಅಂತ ಗುರುತು ಹಾಕಿಕೊಟ್ಟರೆ ತುಂಬಾ ಉಪಕಾರ. ನಾನು ಎಡಕ್ಕೆ ವಾಲಿದವನು, ಹಾಗಾಗಿ ಬಲಪಂಥದವರು ಮುಂದೆ ಬಂದರೆ ಇನ್ನೂ ಒಳ್ಳೆಯದು.