ಕೇಂದ್ರ ಸರ್ಕಾರ ಇತ್ತು, ಖಜಾನೆ ಇರಲಿಲ್ಲ: ಅಮೆರಿಕದ ಮೊದಲ ವರ್ಷಗಳ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಬಿ.ಎ. ವಿದ್ಯಾರ್ಥಿ): ಮೇಡಂ, ನಮಸ್ಕಾರ. ಅಮೆರಿಕ ಸ್ವಾತಂತ್ರ್ಯ ಘೋಷಿಸಿದ್ದು 1776ರಲ್ಲಿ. ಈಗಿನ ಸಂವಿಧಾನ ಬರೆದದ್ದು 1787ರಲ್ಲಿ, ವಾಷಿಂಗ್ಟನ್ ಅಧ್ಯಕ್ಷರಾದದ್ದು 1789ರಲ್ಲಿ. ನಡುವಿನ ವರ್ಷಗಳಲ್ಲಿ ದೇಶ ಯಾರು ನಡೆಸುತ್ತಿದ್ದರು? ನನ್ನ ಗೈಡ್‌ನಲ್ಲಿ ‘ಆಗಿನ ಕೇಂದ್ರ ದುರ್ಬಲವಾಗಿತ್ತು’ ಅಂತ ಒಂದೇ ಸಾಲು ಇದೆ. ದುರ್ಬಲ ಅಂದರೆ ಏನು ಅಂತ ಅರ್ಥ ಆಗ್ತಿಲ್ಲ.

ಉತ್ತರ (ರಾಜ್ಯಶಾಸ್ತ್ರ ಉಪನ್ಯಾಸಕಿ): ಕೇಳಿದ್ದು ಒಳ್ಳೆಯದಾಯಿತು. ಆ ವರ್ಷಗಳನ್ನು ತರಗತಿಯಲ್ಲಿ ನಾವು ತುಂಬಾ ಬೇಗ ದಾಟಿಬಿಡುತ್ತೇವೆ.

ದೇಶ ನಡೆಸುತ್ತಿದ್ದದ್ದು ಕಾಂಗ್ರೆಸ್ ಎಂಬ ಒಂದೇ ಸಭೆ. ಅದರ ನಿಯಮಗಳಿಗೆ ‘ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್’ ಅಂತ ಹೆಸರು. ಯುದ್ಧದ ನಡುವೆಯೇ, 1777ರ ನವೆಂಬರ್‌ನಲ್ಲಿ ಕಾಂಗ್ರೆಸ್ ಇದನ್ನು ಒಪ್ಪಿತು. ಆದರೆ 13 ರಾಜ್ಯಗಳೂ ಸಹಿ ಹಾಕಬೇಕಿತ್ತು. ವರ್ಜೀನಿಯಾದಂಥ ದೊಡ್ಡ ರಾಜ್ಯಗಳು ಪಶ್ಚಿಮದ ಜಮೀನೆಲ್ಲ ನಮ್ಮದು ಅನ್ನುತ್ತಿದ್ದವು. ಆ ಹಟ ಬಿಡುವವರೆಗೆ ಸಹಿ ಇಲ್ಲ ಅಂತ ಮೇರಿಲ್ಯಾಂಡ್ ಕೂತುಬಿಟ್ಟಿತು. ಹಾಗಾಗಿ ಜಾರಿಗೆ ಬಂದದ್ದು 1781ರ ಮಾರ್ಚ್ 1ರಂದು.

ಆಡಳಿತ ನಡೆಸುವ ಅಧ್ಯಕ್ಷರಿಲ್ಲ. ಸುಪ್ರೀಂ ಕೋರ್ಟ್ ಇಲ್ಲ. ರಾಜ್ಯ ದೊಡ್ಡದಿರಲಿ ಚಿಕ್ಕದಿರಲಿ, ಒಂದೇ ಮತ. ಮುಖ್ಯ ವಿಷಯಗಳಿಗೆ 9 ರಾಜ್ಯಗಳ ಒಪ್ಪಿಗೆ ಬೇಕು, ನಿಯಮ ತಿದ್ದಲು 13 ರಾಜ್ಯಗಳದ್ದೂ ಬೇಕು. ಇವೆಲ್ಲ ಹೇಗೋ ನಡೆಯುತ್ತಿತ್ತೇನೋ. ನಡೆಯದೇ ಹೋದದ್ದು ಒಂದು: ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ಯುದ್ಧ ಸಾರಬಹುದು, ಸಾಲ ತರಬಹುದು. ಆದರೆ ದುಡ್ಡು ಬೇಕಾದರೆ ‘ನಿಮ್ಮ ಪಾಲು ಇಷ್ಟು, ಕಳಿಸಿ’ ಅಂತ ರಾಜ್ಯಗಳಿಗೆ ಬರೆಯಬೇಕು. ಕಳಿಸದಿದ್ದರೆ ಸುಮ್ಮನಿರಬೇಕು.

‘ದುರ್ಬಲ’ ಅಂದರೆ ಏನು ಅಂತ ಕಣ್ಣಾರೆ ನೋಡಬೇಕಾದರೆ 1783ರ ಜೂನ್ 21ಕ್ಕೆ ಹೋಗಿ. ಸಂಬಳ ಸಿಗದ ನೂರಾರು ಸೈನಿಕರು ಬಂದೂಕು ಹಿಡಿದು ಫಿಲಡೆಲ್ಫಿಯಾದ ಸ್ಟೇಟ್ ಹೌಸ್ ಸುತ್ತುವರಿದರು. ಸ್ವಾತಂತ್ರ್ಯ ಘೋಷಣೆ ಹೊರಟದ್ದು ಅದೇ ಕಟ್ಟಡದಿಂದ. ಒಳಗೆ ಕಾಂಗ್ರೆಸ್ ಸದಸ್ಯರಿದ್ದರು. ಕಾಪಾಡಿಕೊಳ್ಳಲು ಕಾಂಗ್ರೆಸ್‌ಗೆ ಅಲ್ಲಿ ತನ್ನದೇ ಪಡೆ ಇಲ್ಲ. ಪೆನ್ಸಿಲ್ವೇನಿಯಾ ರಾಜ್ಯ ಸರ್ಕಾರವನ್ನು ಕೇಳಿತು, ‘ನಿಮ್ಮ ಸೇನೆ ಕರೆಸಿ’ ಅಂತ. ರಾಜ್ಯದ ಮುಖ್ಯಸ್ಥ ಜಾನ್ ಡಿಕಿನ್ಸನ್ ಕರೆಸಲಿಲ್ಲ. ಈ ಡಿಕಿನ್ಸನ್ ಯಾರು ಗೊತ್ತಾ? 1776ರಲ್ಲಿ ಅದೇ ಆರ್ಟಿಕಲ್ಸ್‌ನ ಮೊದಲ ಕರಡು ಬರೆದವರು! ಅವರ ಕರಡಿನಲ್ಲಿ ಕೇಂದ್ರಕ್ಕೆ ಇನ್ನೂ ಹೆಚ್ಚು ಬಲ ಇತ್ತು, ಕಾಂಗ್ರೆಸ್ಸೇ ಅದನ್ನು ಕಡಿಮೆ ಮಾಡಿತ್ತು. ಕೊನೆಗೆ ಕಾಂಗ್ರೆಸ್ ಊರು ಬಿಟ್ಟು ಪ್ರಿನ್ಸ್‌ಟನ್‌ಗೆ ಹೋಯಿತು. ಅಲ್ಲಿಂದ ಅನಾಪೊಲಿಸ್, ಆಮೇಲೆ ಟ್ರೆಂಟನ್, ಆಮೇಲೆ ನ್ಯೂಯಾರ್ಕ್. ಬ್ರಿಟನ್ನಿನಂಥ ಸಾಮ್ರಾಜ್ಯವನ್ನು ಸೋಲಿಸಿದ ದೇಶದ ಸರ್ಕಾರಕ್ಕೆ ನಿಲ್ಲಲು ಒಂದು ನೆಲೆ ಇರಲಿಲ್ಲ.

ಪ್ರಶ್ನೆ (ಅದೇ ವಿದ್ಯಾರ್ಥಿ): ಹಾಗಾದರೆ ತೆರಿಗೆಯ ಅಧಿಕಾರ ಕೊಟ್ಟುಬಿಡಬಹುದಿತ್ತು ಅಲ್ವಾ ಮೇಡಂ? ಅಷ್ಟೂ ಹೊಳೆಯಲಿಲ್ವಾ?

ಉತ್ತರ: ಹೊಳೆಯಿತು, ಪ್ರಯತ್ನವೂ ಆಯಿತು. 1781ರಲ್ಲಿ ಕಾಂಗ್ರೆಸ್ ಆಮದು ಸರಕಿನ ಮೇಲೆ ಬರೀ 5% ಸುಂಕ ಕೇಳಿತು. ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯ ಆಗಲ್ಲ ಅಂದಿತು. 1783ರಲ್ಲಿ ಮತ್ತೆ ಕೇಳಿತು. ಈ ಸಲ ಅಡ್ಡ ಬಂದದ್ದು ನ್ಯೂಯಾರ್ಕ್. ಅದಕ್ಕೆ ತನ್ನ ಬಂದರಿನ ಸುಂಕದಿಂದಲೇ ಒಳ್ಳೆ ಆದಾಯ ಇತ್ತು, ಅದನ್ನು ಯಾಕೆ ಬಿಟ್ಟುಕೊಡುತ್ತದೆ? 1786ರ ಹೊತ್ತಿಗೆ ಆ ಪ್ರಸ್ತಾವವೂ ಬಿದ್ದುಹೋಯಿತು.

ಅವರನ್ನು ದಡ್ಡರು ಅನ್ನಬೇಡಿ. ದೂರದಲ್ಲಿ ಕೂತ ಪಾರ್ಲಿಮೆಂಟ್ ತಮ್ಮನ್ನು ಕೇಳದೆ ತೆರಿಗೆ ಹಾಕಿತು ಅಂತಲೇ ಅವರು ಬ್ರಿಟನ್ ವಿರುದ್ಧ ಎದ್ದು ನಿಂತಿದ್ದು. ಗೆದ್ದ ಕೂಡಲೇ ಇನ್ನೊಂದು ದೂರದ ಸಭೆಗೆ ಅದೇ ಅಧಿಕಾರ ಕೊಡಲು ಅವರ ಮನಸ್ಸು ಒಪ್ಪಲಿಲ್ಲ. ನನಗೆ ಆ ಭಯ ನ್ಯಾಯವಾದದ್ದೇ ಅನ್ನಿಸುತ್ತದೆ.

ಪ್ರಶ್ನೆ (ಗುಂಪಿನ ಇನ್ನೊಬ್ಬ ಸದಸ್ಯರು): ಮೇಡಂ, ಶೇಸ್ ದಂಗೆ ನೋಡಿ ಹೆದರಿದ ಶ್ರೀಮಂತರು ತಮ್ಮ ಆಸ್ತಿ ಉಳಿಸಿಕೊಳ್ಳಲು ಮಾಡಿಕೊಂಡದ್ದೇ ಹೊಸ ಸಂವಿಧಾನ ಅಂತ ಕೇಳಿದ್ದೇನೆ. ನಿಜವೇ?

ಉತ್ತರ: ಅದರಲ್ಲಿ ಸತ್ಯ ಇದೆ, ಅದೇ ಪೂರ್ತಿ ಸತ್ಯ ಅಲ್ಲ.

ಮ್ಯಾಸಚೂಸೆಟ್ಸ್ ರಾಜ್ಯ ಯುದ್ಧದ ಸಾಲ ತೀರಿಸಲು ರೈತರ ಮೇಲೆ ಭಾರೀ ತೆರಿಗೆ ಹಾಕಿತು. ಅದನ್ನೂ ನಾಣ್ಯದಲ್ಲೇ ಕಟ್ಟಬೇಕಿತ್ತು, ಹಳ್ಳಿಗಳಲ್ಲಿ ನಾಣ್ಯವೇ ಇರಲಿಲ್ಲ. ಜಮೀನು, ದನ ಹರಾಜಿಗೆ ಬಂದವು. 1786ರಲ್ಲಿ ರೈತರು ಗುಂಪಾಗಿ ಹೋಗಿ ಕೋರ್ಟುಗಳು ನಡೆಯದಂತೆ ತಡೆದರು. ಮುಂದಾಳುಗಳಲ್ಲಿ ಒಬ್ಬರಾದ ಡೇನಿಯಲ್ ಶೇಸ್ ಅದೇ ಸ್ವಾತಂತ್ರ್ಯ ಯುದ್ಧದಲ್ಲಿ ಕ್ಯಾಪ್ಟನ್ ಆಗಿದ್ದವರು. 1787ರ ಜನವರಿ 25ರಂದು ಅವರು ಸ್ಪ್ರಿಂಗ್‌ಫೀಲ್ಡ್‌ನ ಶಸ್ತ್ರಾಗಾರದ ಕಡೆ ನುಗ್ಗಿದಾಗ ರಾಜ್ಯದ ಪಡೆ ಫಿರಂಗಿ ಹಾರಿಸಿತು. ನಾಲ್ವರು ಸತ್ತರು. ಆ ಶಸ್ತ್ರಾಗಾರ ಕೇಂದ್ರದ್ದು. ಅದನ್ನು ಕಾಯಲು ಕೇಂದ್ರದ ಹತ್ತಿರ ದುಡ್ಡಿರಲಿಲ್ಲ. ದಂಗೆ ಅಡಗಿಸಲು ಹೊರಟ ಜನರಲ್ ಬೆಂಜಮಿನ್ ಲಿಂಕನ್‌ರ ಸೇನೆಗೆ ಹಣ ಹಾಕಿದವರು ಬಾಸ್ಟನ್ನಿನ ವ್ಯಾಪಾರಿಗಳು. ಹೆದರಿಕೆ ಇದ್ದದ್ದು ನಿಜ.

ಆದರೆ ಕೇಂದ್ರವನ್ನು ಸರಿಪಡಿಸುವ ಕೆಲಸ ಅದಕ್ಕೂ ಮುಂಚೆಯೇ ಶುರುವಾಗಿತ್ತು. ವ್ಯಾಪಾರದ ಜಗಳ ಬಗೆಹರಿಸಲು 1786ರ ಜನವರಿಯಲ್ಲೇ ಕರೆದ ಸಭೆ ಸೆಪ್ಟೆಂಬರ್‌ನಲ್ಲಿ ಅನಾಪೊಲಿಸ್‌ನಲ್ಲಿ ಸೇರಿತು. ಬಂದದ್ದು 5 ರಾಜ್ಯಗಳವರು. ಬಂದವರೇ ಇನ್ನೊಂದು ದೊಡ್ಡ ಸಭೆ ಬೇಕು ಅಂದರು. ಅದು 1787ರ ಮೇ 25ರಿಂದ ಸೆಪ್ಟೆಂಬರ್ 17ರವರೆಗೆ ಫಿಲಡೆಲ್ಫಿಯಾದಲ್ಲಿ, ಅದೇ ಸ್ಟೇಟ್ ಹೌಸ್‌ನಲ್ಲಿ ನಡೆಯಿತು. ರೋಡ್ ಐಲೆಂಡ್ ಬರಲಿಲ್ಲ. ಮಾತು ಹೊರಗೆ ಹೋಗಬಾರದು ಅಂತ ನಿಯಮ ಮಾಡಿಕೊಂಡು ಬಾಗಿಲು ಹಾಕಿ ಚರ್ಚಿಸಿದರು.

ಎಲ್ಲರೂ ಅಧ್ಯಕ್ಷರ ಹುದ್ದೆಯನ್ನೇ ದೊಡ್ಡ ಬದಲಾವಣೆ ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡದು ಬೇರೆ ಇದೆ. ಕೇಂದ್ರದ ಕಾನೂನು, ಕೇಂದ್ರದ ತೆರಿಗೆ ಇನ್ನು ಮುಂದೆ ನೇರ ಜನರಿಗೆ ತಟ್ಟುತ್ತದೆ, ನಡುವೆ ರಾಜ್ಯದ ಅಪ್ಪಣೆ ಬೇಡ. ಹಳೆಯ ರೋಗದ ಬೇರು ಅಲ್ಲೇ ಇತ್ತು. ಪರೀಕ್ಷೆಯಲ್ಲಿ ಈ ಅಂಶವನ್ನು ಮೊದಲು ಬರೆಯಿರಿ.

ಇದಕ್ಕೆ ತೆತ್ತ ಬೆಲೆಯನ್ನೂ ಬರೆಯಿರಿ. ಚಿಕ್ಕ ರಾಜ್ಯಗಳನ್ನು ಒಪ್ಪಿಸಲು ಸೆನೆಟ್‌ನಲ್ಲಿ, ಅಂದರೆ ಹೊಸ ಕಾಂಗ್ರೆಸ್‌ನ ಮೇಲ್ಮನೆಯಲ್ಲಿ, ಎಲ್ಲ ರಾಜ್ಯಗಳಿಗೂ ಸಮಾನ ಸ್ಥಾನ ಕೊಟ್ಟರು. ಜುಲೈ 16ರಂದು ಅದು ಪಾಸಾದದ್ದು 5–4 ರಾಜ್ಯಗಳ ಮತದಲ್ಲಿ. ದಕ್ಷಿಣದ ರಾಜ್ಯಗಳಿಗಾಗಿ ಐವರು ಗುಲಾಮರನ್ನು ಮೂವರು ಅಂತ ಲೆಕ್ಕ ಹಿಡಿದು ಕೆಳಮನೆಯ ಸೀಟು ಹಂಚಿದರು. ಆ ಗುಲಾಮರಿಗೆ ಮತವೇ ಇರಲಿಲ್ಲ! ಆಫ್ರಿಕಾದಿಂದ ಗುಲಾಮರನ್ನು ತರುವುದನ್ನು 1808ರವರೆಗೆ ನಿಷೇಧಿಸುವಂತಿಲ್ಲ ಅಂತಲೂ ಬರೆದರು. ಕೇಂದ್ರ ಗಟ್ಟಿಯಾಯಿತು ಅಂತ ಹೊಗಳುವಾಗ ಇದನ್ನು ಮುಚ್ಚಿಡುವುದು ತಪ್ಪು.

ಪ್ರಶ್ನೆ (ಮತ್ತೊಬ್ಬರು): ಎಲ್ಲ 13 ರಾಜ್ಯ ಒಪ್ಪಬೇಕು ಅನ್ನೋ ನಿಯಮ ಏನಾಯ್ತು?

ಉತ್ತರ: 9 ರಾಜ್ಯ ಒಪ್ಪಿದರೆ ಸಾಕು ಅಂತ ಹೊಸ ಸಂವಿಧಾನದಲ್ಲೇ ಬರೆದುಕೊಂಡರು. ಹಳೆಯ ನಿಯಮವನ್ನು ಹಾಗೆ ದಾಟಿದರು. 1788ರ ಜೂನ್ 21ರಂದು ನ್ಯೂ ಹ್ಯಾಂಪ್‌ಶೈರ್ ಒಂಬತ್ತನೆಯದಾಯಿತು. ವರ್ಜೀನಿಯಾದಲ್ಲಿ 89–79, ನ್ಯೂಯಾರ್ಕ್‌ನಲ್ಲಿ 30–27. ಎಷ್ಟು ಕೂದಲೆಳೆಯಲ್ಲಿ ಪಾರಾಯಿತು ನೋಡಿ. ರೋಡ್ ಐಲೆಂಡ್ ಒಪ್ಪಿದ್ದು 1790ರ ಮೇ 29ರಂದು, 34–32ರಲ್ಲಿ. ಅದೂ ಅದರ ಜೊತೆ ವ್ಯಾಪಾರ ನಿಲ್ಲಿಸುವ ಮಸೂದೆ ಸೆನೆಟ್‌ನಲ್ಲಿ ಪಾಸಾದ ಮೇಲೆ.

ಪ್ರಶ್ನೆ (ಅದೇ ಸದಸ್ಯರು): ನಮ್ಮ ಸಂವಿಧಾನ ಬರೆದವರು ಇದನ್ನೆಲ್ಲ ನೋಡಿದ್ದರಾ?

ಉತ್ತರ: ನೋಡಿದ್ದರು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬಿ.ಎನ್. ರಾವ್ ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು. 1947ರಲ್ಲಿ ಅವರು ಅಮೆರಿಕಕ್ಕೇ ಹೋಗಿ ಅಲ್ಲಿನ ನ್ಯಾಯಮೂರ್ತಿಗಳ ಜೊತೆ ಚರ್ಚಿಸಿ ಬಂದರು. ನಮ್ಮ ಒಕ್ಕೂಟ ರಾಜ್ಯಗಳು ಮಾಡಿಕೊಂಡ ಒಪ್ಪಂದದಿಂದ ಹುಟ್ಟಿದ್ದಲ್ಲ, ಯಾವ ರಾಜ್ಯಕ್ಕೂ ಬಿಟ್ಟುಹೋಗುವ ಹಕ್ಕಿಲ್ಲ ಅಂತ ಅಂಬೇಡ್ಕರ್ 1948ರ ನವೆಂಬರ್ 4ರಂದು ಸಭೆಯಲ್ಲಿ ವಿವರಿಸಿದರು. ಕೇಂದ್ರ ಮತ್ತು ರಾಜ್ಯಗಳ ಅಧಿಕಾರ ಹಂಚುವ ಏಳನೇ ಅನುಸೂಚಿಯ ಪಟ್ಟಿಗಳನ್ನು ತೆಗೆದು ನೋಡಿ. ಆದಾಯ ತೆರಿಗೆ, ಆಮದು ಸುಂಕ ಎರಡೂ ಮೊದಲ ದಿನದಿಂದಲೇ ಕೇಂದ್ರದ ಪಟ್ಟಿಯಲ್ಲಿವೆ.