ಅಪ್‌ಡೇಟ್: ಹಾಸ್ಟೆಲ್‌ನಲ್ಲಿ ಪರಿಚಯವೇ ಆಗುತ್ತಿಲ್ಲ ಅಂದಿದ್ದೆನಲ್ಲ, ಈಗ ಹೀಗಿದೆ

ಕ್ಯಾಂಪಸ್ ಹಾಸ್ಟೆಲ್‌ಗೆ ಬಂದು ಇಷ್ಟು ದಿನವಾದರೂ ನಮ್ಮ ಮಹಡಿಯಲ್ಲಿ ಎಲ್ಲರ ಬಾಗಿಲೂ ಮುಚ್ಚಿಯೇ ಇರುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಕೆಲಸ ಮಾಡಿದ್ದು, "ದಿನಾ ಅದೇ ಹೊತ್ತಿಗೆ ಕಾಮನ್ ರೂಮಿನ ಅದೇ ಮೇಜಿನಲ್ಲಿ ಓದಿ" ಎಂಬ ಸಲಹೆ. ಮೊದಮೊದಲು ಸುಮ್ನೆ ಮುಖ ನೋಡಿ ನಗುವುದಷ್ಟೇ. ಆಮೇಲೆ ಒಬ್ಬರು ಚಾರ್ಜರ್ ಕೇಳಿದರು, ಇನ್ನೊಬ್ಬರು ಒಂದು ಲೆಕ್ಕ ಹೇಳಿಕೊಡ್ತೀರಾ ಅಂದರು. ಈಗ ರಾತ್ರಿ ಊಟಕ್ಕೆ ಆ ಮೇಜಿನವರೆಲ್ಲ ಒಟ್ಟಿಗೇ ಹೊರಡುತ್ತೇವೆ. ನಾನು ಬರದಿದ್ದರೆ ರೂಮಿಗೇ ಬಂದು ಬಾಗಿಲು ಬಡಿಯುತ್ತಾರೆ!

ವಾಟ್ಸಾಪ್ ಗ್ರೂಪ್ ಉಪಯೋಗಕ್ಕೆ ಬರಲಿಲ್ಲ. ನೀರು ಬಂತಾ, ವೈಫೈ ಹೋಯ್ತಾ, ಇಷ್ಟೇ ಮಾತು. ಸಿಕ್ಕ ಕ್ಲಬ್‌ಗಳಿಗೆಲ್ಲ ಹೆಸರು ಕೊಡುವುದೂ ನನಗೆ ಒಗ್ಗಲಿಲ್ಲ.

ಅಚ್ಚರಿಯ ವಿಷಯ ಒಂದಿದೆ. ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಮತ್ತು ಜೊತೆಗಾರರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ವಸತಿಯಲ್ಲಿ, ದಿನಾ ಎದುರಾಗುವವರೇ ಸ್ನೇಹಿತರಾಗುವ ಇದೇ ವಿಷಯವನ್ನು ಅಧ್ಯಯನ ಮಾಡಿ 1950ರಲ್ಲಿ ಪ್ರಕಟಿಸಿದ್ದಾರೆ. ಅಲ್ಲಿ ಪಕ್ಕದ ಬಾಗಿಲಿನವರೇ ಹೆಚ್ಚಾಗಿ ಸ್ನೇಹಿತರಾಗಿದ್ದರು. ಮೆಟ್ಟಿಲ ಬುಡದ ಮನೆಯವರಿಗೆ ಮೇಲಿನ ಮಹಡಿಯಲ್ಲೂ ಗೆಳೆಯರು ಜಾಸ್ತಿ. ಮೇಲಿನವರು ದಿನಾ ಅವರ ಬಾಗಿಲ ಮುಂದೆಯೇ ಓಡಾಡಬೇಕಿತ್ತು, ಅಲ್ವಾ?

ನನ್ನ ರೂಮು ಕಾರಿಡಾರಿನ ಕೊನೆಯಲ್ಲಿದೆ, ಆ ಕಡೆ ಯಾರೂ ಸುಳಿಯುವುದಿಲ್ಲ. ನಿಮ್ಮದೂ ಹಾಗೇ ಇದ್ದರೆ ಕಾಮನ್ ರೂಮಿನಲ್ಲಿ ಬಾಗಿಲ ಹತ್ತಿರದ ಮೇಜು ಹಿಡಿಯಿರಿ. ಇಯರ್‌ಫೋನ್ ಮಾತ್ರ ಹಾಕ್ಕೋಬೇಡಿ.